ಆ ಮೂವತ್ತು ಎಲ್ಲಿಂದ ಬಂತು?

ಸ್ಕ್ರೀನ್‌ಶಾಟ್ ಬಂದಾಗ ಸಂಜೆ ಆರೂಕಾಲು. ಲ್ಯಾಪ್‌ಟಾಪ್ ಮುಚ್ಚಿ ಏಳುವವಳಿದ್ದೆ. ಗ್ರಾಹಕರೊಬ್ಬರು ನಮ್ಮ ಸಪೋರ್ಟ್ ಬಾಟ್ ಜೊತೆ ನಡೆದ ಮಾತುಕತೆಯನ್ನು ಇದ್ದ ಹಾಗೇ ಕಳಿಸಿದ್ದರು. ವರ್ಷದ ಪ್ಲಾನ್ ತಗೊಂಡ ಮೇಲೆ ಬೇಡ ಅನ್ನಿಸಿದರೆ ದುಡ್ಡು ವಾಪಸ್ ಬರುತ್ತಾ ಅಂತ ಅವರು ಕೇಳಿದ್ದಾರೆ. "ಖಂಡಿತ! ಖರೀದಿಸಿದ 30 ದಿನದೊಳಗೆ ರದ್ದು ಮಾಡಿದರೆ ಪೂರ್ತಿ ಹಣ ಮರಳಿಸುತ್ತೇವೆ" ಅಂತ ಬಾಟ್ ಹೇಳಿದೆ. ಕೊನೆಗೊಂದು ನಗುಮುಖ ಬೇರೆ. ನಮ್ಮಲ್ಲಿರುವುದು 14 ದಿನ. ಅವರು ರದ್ದು ಮಾಡಿದ್ದು 22ನೇ ದಿನ. ಕೆಳಗೆ ಒಂದೇ ಸಾಲು ಬರೆದಿದ್ದರು: "ಇದನ್ನು ನೀವೇ ಹೇಳಿದ್ದಲ್ವಾ?"

ನಾನು ಈ ಕೆಲಸಕ್ಕೆ ಸೇರಿದ್ದು ಫೋನ್ ಎತ್ತುವವಳಾಗಿ. ಹನ್ನೊಂದು ವರ್ಷವಾಯಿತು. ಇನ್‌ವಾಯ್ಸ್, ಲೆಕ್ಕಪತ್ರ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರುವ ಕಂಪನಿ ನಮ್ಮದು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲ ಕಡೆ ಆದದ್ದೇ ನಮ್ಮಲ್ಲೂ ಆಯಿತು. "ಎಐ ವಿಷಯದಲ್ಲಿ ನಾವೇನು ಮಾಡ್ತಿದ್ದೀವಿ?" ಅಂತ ಮೇಲಿನಿಂದ ಪ್ರಶ್ನೆ ಬಂತು. ಇಂಜಿನಿಯರುಗಳ ಜೊತೆ ಸಪೋರ್ಟ್ ಬಲ್ಲವರೊಬ್ಬರು ಇರಲಿ ಅಂತ ನನ್ನನ್ನು ಆ ತಂಡದ ಲೀಡ್ ಮಾಡಿದರು. 2024ರ ಆಗಸ್ಟಿನಲ್ಲಿ ಬಾಟ್ ಬಿಟ್ಟೆವು. ಈ ಸ್ಕ್ರೀನ್‌ಶಾಟ್ ಬಂದದ್ದು ಅಕ್ಟೋಬರಿನಲ್ಲಿ.

ಮರುದಿನ ಫೈನಾನ್ಸ್‌ನವರ ಜೊತೆ ಕಾಲ್. ಅವರ ವಾದ ಚಿಕ್ಕದು: "ಪಾಲಿಸಿ 14 ದಿನ ಅಂತ ವೆಬ್‌ಸೈಟಿನಲ್ಲಿ ಹಾಕಿದ್ದೀವಿ. ಬಾಟ್ ಏನೋ ಬಡಬಡಿಸಿದರೆ ಅದು ಕಂಪನಿ ಹೇಳಿದ ಹಾಗೆ ಆಗುತ್ತಾ?" ಆಗುತ್ತೆ ಅಂತ ನಾನು ಹೇಳಿದೆ. ಅಷ್ಟು ಧೈರ್ಯವಾಗಿ ಹೇಳಲು ಕಾರಣ ಏರ್ ಕೆನಡಾ ವಿಮಾನ ಕಂಪನಿಯ ಪ್ರಕರಣ. ಅಜ್ಜಿ ತೀರಿಕೊಂಡಾಗ ಪ್ರಯಾಣ ಮಾಡಬೇಕಾಗಿ ಬಂದವರೊಬ್ಬರಿಗೆ ಆ ಕಂಪನಿಯ ಚಾಟ್‌ಬಾಟ್, ಟಿಕೆಟ್ ಕೊಂಡ 90 ದಿನದೊಳಗೆ ಅರ್ಜಿ ಹಾಕಿದರೆ ಸಾವಿನ ಸಂದರ್ಭದ ರಿಯಾಯಿತಿ ಸಿಗುತ್ತದೆ ಅಂತ ಹೇಳಿತ್ತು. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಕೊಡುವುದಿಲ್ಲ ಅಂತ ಅದೇ ವೆಬ್‌ಸೈಟಿನ ಇನ್ನೊಂದು ಪುಟ ಹೇಳುತ್ತಿತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಬಾಟ್ ಮಾಡಿದ್ದಕ್ಕೆ ಬಾಟೇ ಹೊಣೆ ಅನ್ನುವ ಧಾಟಿಯ ವಾದವನ್ನು ತಳ್ಳಿಹಾಕಿ, ಬಡ್ಡಿ, ಶುಲ್ಕ ಎಲ್ಲ ಸೇರಿ ಸುಮಾರು 812 ಕೆನಡಿಯನ್ ಡಾಲರ್ ಕೊಡಲು ಹೇಳಿತು. ಮೊತ್ತ ಸಣ್ಣದು. ನನಗೆ ನಾಟಿದ್ದು ಅದರಲ್ಲಿದ್ದ ಇನ್ನೊಂದು ಮಾತು: ವೆಬ್‌ಸೈಟಿನ ಒಂದು ಭಾಗ ಸರಿ, ಇನ್ನೊಂದು ತಪ್ಪು ಅಂತ ಗ್ರಾಹಕನಿಗೆ ಹೇಗೆ ಗೊತ್ತಾಗಬೇಕು?

ದುಡ್ಡು ವಾಪಸ್ ಕೊಟ್ಟೆವು. ಕ್ಷಮೆ ಕೇಳುವ ಪತ್ರ ನಾನೇ ಬರೆದೆ, ಬಾಟ್ ಕೈಲಿ ಬರೆಸಲಿಲ್ಲ.

ಆಮೇಲೆ ನಾವು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದಕ್ಕೆಂದೇ ಇದನ್ನು ಬರೆಯಲು ಕೂತಿದ್ದು.

'ಹಲ್ಯುಸಿನೇಶನ್' ಅನ್ನುವ ಪದ ಅಷ್ಟೊತ್ತಿಗೆ ಎಲ್ಲರ ಬಾಯಲ್ಲೂ ಇತ್ತು. ಬಾಟ್‌ನ ಒಳಗೆ ಕೂತು ಉತ್ತರ ಬರೆಯುವ ಎಐ ಮಾಡೆಲ್ ಇಲ್ಲದ್ದನ್ನು ಇದೆ ಅಂತ ಹೇಳಿದರೆ ಆ ಪದ. ನಮ್ಮಲ್ಲಿ ಪ್ರತಿ ದೂರನ್ನೂ ದಾಖಲಿಸುವ ಚೀಟಿಗೆ ಟಿಕೆಟ್ ಅಂತಾರೆ, ಅದರಲ್ಲೂ ಕಾರಣದ ಜಾಗದಲ್ಲಿ ಅದನ್ನೇ ಬರೆದೆವು. ಬರೆದ ಕೂಡಲೇ ಹುಡುಕುವ ಕೆಲಸ ಮುಗಿಯಿತು. ಕಾರಣ ಸಿಕ್ಕಿತಲ್ಲ! ಮಳೆ ಬಂದದ್ದಕ್ಕೆ ಯಾರನ್ನು ಕೇಳುವುದು, ಹಾಗೆ. ಪ್ರಾಂಪ್ಟಿಗೆ, ಅಂದರೆ ಮಾಡೆಲ್ಲಿಗೆ ನಾವು ಬರೆದುಕೊಡುವ ಸೂಚನೆಗೆ, "ಊಹಿಸಬೇಡ" ಅಂತ ಒಂದು ಸಾಲು ಸೇರಿಸಿದೆವು. ಎರಡು ವಾರದಲ್ಲಿ ಮತ್ತೆ ಮೂವತ್ತು ದಿನ. "ಯಾವ ಕಾರಣಕ್ಕೂ ಊಹಿಸಬೇಡ" ಅಂತ ತಿದ್ದಿದೆವು. ಮತ್ತೆ ಮೂವತ್ತು. ನಮ್ಮ ಇಂಜಿನಿಯರೊಬ್ಬರು "ಇದು ನಿನ್ನ ಕೆಲಸಕ್ಕೆ ಬಹಳ ಮುಖ್ಯ" ಅಂತಲೂ ಬರೆದು ನೋಡಿದರು, ಪಾಪ.

ಅಲ್ಲಿಂದ ಮಾಡೆಲ್ ಬದಲಿಸುವ ಹುಚ್ಚು ಹಿಡಿಯಿತು. ಕಾಲವೂ ಹಾಗಿತ್ತು. ಅಕ್ಟೋಬರಿನಲ್ಲಿ ಆಂಥ್ರೊಪಿಕ್‌ನ ಕ್ಲಾಡ್ 3.5 ಸಾನೆಟ್‌ನ ಹೊಸ ಆವೃತ್ತಿ, ಡಿಸೆಂಬರಿನಲ್ಲಿ ಓಪನ್‌ಎಐಯ ಒ1 ಪೂರ್ಣರೂಪದಲ್ಲಿ, ಅದೇ ತಿಂಗಳು ಗೂಗಲ್‌ನ ಜೆಮಿನಿ 2.0. ಪ್ರತಿಯೊಂದು ಬಂದಾಗಲೂ ಆಫೀಸಿನ ಗುಂಪಿನಲ್ಲಿ ಯಾರೋ ಒಂದು ಪಟ್ಟಿ ಹಾಕುವರು, ಈ ಪರೀಕ್ಷೆಯಲ್ಲಿ ಇಷ್ಟು ಅಂಕ, ಆ ಪರೀಕ್ಷೆಯಲ್ಲಿ ಅಷ್ಟು ಅಂಕ. 2025ರ ಜನವರಿ 20ಕ್ಕೆ, ಅಗ್ಗದಲ್ಲಿ ಮಾಡಿದ್ದು ಅಂತ ಸುದ್ದಿಯಾದ ಚೀನಾದ ಮಾಡೆಲ್ ಡೀಪ್‌ಸೀಕ್ ಆರ್1 ಬಂತು. ಅದರ ಮುಂದಿನ ಸೋಮವಾರ ಎಐ ಚಿಪ್ ಮಾರುವ ಎನ್ವಿಡಿಯಾದ ಮಾರುಕಟ್ಟೆ ಮೌಲ್ಯ ಒಂದೇ ದಿನ ಸುಮಾರು 600 ಬಿಲಿಯನ್ ಡಾಲರ್ ಕರಗಿತು. ಮಂಗಳವಾರ ಬೆಳಿಗ್ಗೆ ನಮ್ಮ ಮ್ಯಾನೇಜರ್ ನನ್ನ ಹತ್ತಿರ ಬಂದು, "ಇದನ್ನೊಂದು ಹಾಕಿ ನೋಡ್ತೀರಾ?" ಅಂದರು. ಹಾಕಿ ನೋಡಿದೆವು. ಯೋಚಿಸುವ ಮಾಡೆಲ್ ಅದು. ಮೊದಲು ಒಂದು ಪುಟದಷ್ಟು ಯೋಚಿಸಿತು, ಗ್ರಾಹಕರ ದೃಷ್ಟಿಯಿಂದ, ಕಂಪನಿಯ ದೃಷ್ಟಿಯಿಂದ. ಯೋಚಿಸಿ ಯೋಚಿಸಿ, ಮೂವತ್ತು ದಿನ ಅಂದಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಮೂರು ತಿಂಗಳು ನೆಲ ಬದಲಿಸುತ್ತಾ ಕೂತಿದ್ದೆವು.

ಗಂಟು ಬಿಚ್ಚಿದ್ದು ಕೆಲಸಕ್ಕೆ ಸೇರಿ ಇನ್ನೂ ಹದಿನೈದು ದಿನವೂ ಆಗಿರದ ಹುಡುಗ. ಮೀಟಿಂಗಿನ ಕೊನೆಗೆ, ಕೇಳಲೋ ಬೇಡವೋ ಅನ್ನುವ ಹಾಗೆ ಕೇಳಿದ: "ಮೇಡಂ, ಮೂವತ್ತೇ ಯಾಕೆ? ಸುಮ್ನೆ ಹುಟ್ಟಿಸ್ಕೊಂಡು ಹೇಳೋದಾದ್ರೆ ಒಂದ್ಸಲ ಹತ್ತು, ಒಂದ್ಸಲ ಅರವತ್ತು ಹೇಳ್ಬೇಕಿತ್ತಲ್ವಾ?"

ಯಾರೂ ಮಾತಾಡಲಿಲ್ಲ. ನಾಲ್ಕು ಮಾಡೆಲ್, ನಾಲ್ಕು ಬೇರೆ ಬೇರೆ ಕಂಪನಿಯವು, ಎಲ್ಲವೂ ಅದೇ ಸಂಖ್ಯೆ ಹೇಳುತ್ತಿವೆ. ಇದನ್ನು ಕಲ್ಪನೆ ಅನ್ನುವುದು ಹೇಗೆ? ನಾಲ್ಕು ಜನ ಸಾಕ್ಷಿಗಳು ಒಂದೇ ಮಾತು ಹೇಳಿದರೆ, ಎಲ್ಲರೂ ಒಟ್ಟಿಗೆ ಕನಸು ಕಂಡರು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಎಲ್ಲರೂ ಏನನ್ನೋ ನೋಡಿದ್ದಾರೆ ಅಂತ ತಾನೇ ಅಂದುಕೊಳ್ಳುವುದು?

ಅವತ್ತು ಲಾಗ್, ಅಂದರೆ ಬಾಟ್‌ನ ಒಳಗೆ ಏನೇನು ನಡೆಯಿತು ಅನ್ನುವ ದಾಖಲೆ, ತೆಗೆದು ಕೂತೆವು. ನಮ್ಮ ಬಾಟ್ ಕೆಲಸ ಮಾಡುವ ರೀತಿಯನ್ನು ರಾಗ್ (RAG) ಅಂತಾರೆ. ಫೇಸ್‌ಬುಕ್‌ನ ಸಂಶೋಧಕರು ಮತ್ತು ಜೊತೆಗಾರರು 2020ರಲ್ಲಿ ಇಟ್ಟ ಹೆಸರು ಅದು. ನಮ್ಮ ಡಾಕ್ಯುಮೆಂಟುಗಳನ್ನೆಲ್ಲ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಅರ್ಥವನ್ನು ಸಂಖ್ಯೆಗಳ ಸಾಲಾಗಿ ಬದಲಿಸಿ ಇಟ್ಟಿರುತ್ತೇವೆ. ಪ್ರಶ್ನೆ ಬಂದಾಗ ಅದನ್ನೂ ಹಾಗೇ ಸಂಖ್ಯೆ ಮಾಡಿ, ಅದಕ್ಕೆ ಹತ್ತಿರದ ನಾಲ್ಕೈದು ತುಂಡು ಹುಡುಕಿ, "ಇವನ್ನು ನೋಡಿಕೊಂಡು ಉತ್ತರ ಕೊಡು" ಅಂತ ಮಾಡೆಲ್ ಮುಂದೆ ಇಡುತ್ತೇವೆ. ಮಾಡೆಲ್ಲಿಗೆ ಕಾಣುವುದು ಆ ತುಂಡುಗಳು ಮಾತ್ರ. ಹಾಗಾಗಿ ನಾವು ನೋಡಬೇಕಾಗಿದ್ದದ್ದು ಮಾಡೆಲ್ ಏನು ಹೇಳಿತು ಅಂತಲ್ಲ, ಅದರ ಮುಂದೆ ನಾವು ಏನಿಟ್ಟೆವು ಅಂತ. ಮೂರು ತಿಂಗಳಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ನನಗೇ ನಾಚಿಕೆ ಆಗುತ್ತೆ ಇದನ್ನು ಬರೆಯಲು.

ಇಟ್ಟಿದ್ದ ಐದು ತುಂಡುಗಳಲ್ಲಿ ಮೊದಲನೆಯದು ಹೀಗಿತ್ತು:

"ವಾರ್ಷಿಕ – 30 ದಿನ – ಪೂರ್ತಿ. ಮಾಸಿಕ – 7 ದಿನ – ಇಲ್ಲ. ತ್ರೈಮಾಸಿಕ – 10 ದಿನ – ಅರ್ಧ."

ಒಂದು ಟೇಬಲ್‌ನ ಸಾಲುಗಳು. ತಲೆಬರಹ ಇಲ್ಲ. ಮೂಲ ಪಿಡಿಎಫ್ ತೆಗೆದು ನೋಡಿದರೆ ಟೇಬಲ್‌ನ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: "2019ರ ಜೂನ್‌ಗೆ ಮುಂಚೆ ಸೇರಿದ ಗ್ರಾಹಕರಿಗೆ ಮಾತ್ರ ಅನ್ವಯ." ನಮ್ಮ ಪ್ರೋಗ್ರಾಂ ಪ್ರತಿ 500 ಟೋಕನ್‌ಗೆ (ಟೋಕನ್ ಅಂದರೆ ಒಂದು ಪದ ಅಥವಾ ಪದದ ಚೂರು) ಒಂದು ತುಂಡು ಕತ್ತರಿಸುತ್ತಿತ್ತು. ಕತ್ತರಿ ಬಿದ್ದದ್ದು ಸರಿಯಾಗಿ ಆ ದಪ್ಪಕ್ಷರದ ಸಾಲಿಗೂ ಟೇಬಲ್ಲಿಗೂ ನಡುವೆ. ತಲೆ ಒಂದು ತುಂಡಿಗೆ ಹೋಯಿತು, ದೇಹ ಇನ್ನೊಂದಕ್ಕೆ. ದೇಹದಲ್ಲಿ 'ವಾರ್ಷಿಕ', 'ದಿನ', 'ಪೂರ್ತಿ' ಎಲ್ಲ ಇದ್ದದ್ದರಿಂದ ರಿಫಂಡ್ ಪ್ರಶ್ನೆ ಬಂದಾಗಲೆಲ್ಲ ಅದೇ ಮುಂದೆ ಬರುತ್ತಿತ್ತು.

14 ದಿನ ಅಂತ ಹೇಳುವ ಈಗಿನ ಪುಟ? ಅದೂ ಐದರಲ್ಲಿ ಇತ್ತು, ನಾಲ್ಕನೆಯದಾಗಿ. ಕಾನೂನು ವಿಭಾಗದವರು ಬರೆದ ಪುಟ ಅದು. ಅದರಲ್ಲಿ 'ದುಡ್ಡು', 'ವಾಪಸ್' ಅನ್ನುವ ಪದಗಳೇ ಇಲ್ಲ. "ಚಂದಾದಾರಿಕೆಯ ಅಂತ್ಯಗೊಳಿಸುವಿಕೆಯ ಸಂದರ್ಭದಲ್ಲಿ" ಅಂತ ಶುರುವಾಗಿ ಒಂದೇ ವಾಕ್ಯ ಏಳು ಸಾಲು ಹೋಗುತ್ತದೆ. ನಾನು ಎರಡು ಸಲ ಓದಿದರೂ 14 ಎಲ್ಲಿದೆ ಅಂತ ಹುಡುಕಬೇಕಾಯಿತು. ಮಾಡೆಲ್ ಪಾಪ ಸ್ಪಷ್ಟವಾಗಿದ್ದ ಟೇಬಲ್ಲನ್ನು ನಂಬಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು. ಆದರೆ ಎತ್ತು ಈಯಿತು ಅಂದವರು ನಾವು.

ತುಂಡು ಮಾಡುವ ರೀತಿಯನ್ನು ಸರಿಪಡಿಸಲು ಎರಡು ದಿನ ಸಾಕಾಯಿತು: ಟೇಬಲ್ಲನ್ನು ಒಡೆಯಬಾರದು, ಪ್ರತಿ ತುಂಡಿಗೂ ಅದರ ತಲೆಬರಹವನ್ನೂ ಡಾಕ್ಯುಮೆಂಟಿನ ದಿನಾಂಕವನ್ನೂ ಅಂಟಿಸಬೇಕು. "ತುಂಡು ಮಾಡುವ ತಂಟೆಯೇ ಬೇಡ, ಈಗಿನ ಮಾಡೆಲ್‌ಗಳು ಹತ್ತು ಲಕ್ಷ ಟೋಕನ್ ಓದುತ್ತವಲ್ಲ, ಎಲ್ಲ ಡಾಕ್ಯುಮೆಂಟನ್ನೂ ಒಟ್ಟಿಗೆ ಕೊಟ್ಟುಬಿಡೋಣ" ಅಂತ ಒಬ್ಬರು ಹೇಳಿದರು. ಒಳ್ಳೆ ಮಾತೇ. ಹಾಗೆ ಕೊಡಲು ಹೋಗಿ ಎಲ್ಲವನ್ನೂ ಒಂದು ಕಡೆ ಹರವಿದಾಗ ನಿಜವಾದ ಕಾಯಿಲೆ ಹೊರಗೆ ಬಂತು. ರಿಫಂಡ್ ಬಗ್ಗೆ ನಮ್ಮಲ್ಲಿ ಆರು ಡಾಕ್ಯುಮೆಂಟ್ ಇದ್ದವು, ನಾಲ್ಕು ಬೇರೆ ಬೇರೆ ಸಂಖ್ಯೆ ಹೇಳುತ್ತಿದ್ದವು. ಎರಡರಲ್ಲಿ ದಿನಾಂಕವೇ ಇಲ್ಲ. ಮೂರನ್ನು ಬರೆದವರು ಕಂಪನಿ ಬಿಟ್ಟು ಹೋಗಿದ್ದಾರೆ. ಒಂದಕ್ಕೆ ಯಾರು ಬರೆದದ್ದು ಅಂತಲೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಮಾಡೆಲ್ ಯಾವುದನ್ನು ಮೊದಲು ಇಟ್ಟೆವೋ ಅದರ ಕಡೆ ವಾಲುತ್ತಿತ್ತು. ಉದ್ದನೆಯ ಪಠ್ಯ ಕೊಟ್ಟಾಗ ಮಾಡೆಲ್‌ಗಳು ಆದಿ ಅಂತ್ಯಗಳನ್ನು ಚೆನ್ನಾಗಿ ಹಿಡಿದು ನಡುವಿನದನ್ನು ಜಾರಿಸುತ್ತವೆ ಅಂತ ಸಂಶೋಧಕರು 2023ರಲ್ಲೇ ತೋರಿಸಿದ್ದರು. ಮನುಷ್ಯರೂ ಹಾಗೇ ಅಲ್ಲವೇ, ಯಾರು ಒಪ್ಪಂದದ ನಡುವಿನ ಪುಟ ಓದುತ್ತಾರೆ?

ಹಾಗಾದರೆ ಇಷ್ಟು ವರ್ಷ ಸಪೋರ್ಟ್‌ನವರು ಗ್ರಾಹಕರಿಗೆ ಸರಿಯಾದ ಉತ್ತರ ಕೊಡುತ್ತಿದ್ದದ್ದು ಹೇಗೆ? ಈ ಆರು ಡಾಕ್ಯುಮೆಂಟುಗಳನ್ನು ಅವರು ಓದುತ್ತಲೇ ಇರಲಿಲ್ಲ. ನಾನೂ ಫೋನ್ ಎತ್ತುತ್ತಿದ್ದ ಕಾಲದಲ್ಲಿ ಓದಿರಲಿಲ್ಲ. ಗೊತ್ತಿಲ್ಲದಿದ್ದರೆ ಪಕ್ಕದ ಕುರ್ಚಿಯವರನ್ನು ಕೇಳುತ್ತಿದ್ದೆ. ಆ ಪಕ್ಕದ ಕುರ್ಚಿಯವರು ಇನ್ನೂ ನಮ್ಮ ಕಂಪನಿಯಲ್ಲೇ ಇದ್ದಾರೆ. ಹದಿನಾಲ್ಕು ವರ್ಷದಿಂದ ಅದೇ ಚಾಟ್ ಸರದಿಯಲ್ಲಿ ಕೂತಿದ್ದಾರೆ. ಬಾಟ್ ಕಟ್ಟುವಾಗ ನಾವು ಅವರನ್ನು ಒಂದು ಮೀಟಿಂಗಿಗೂ ಕರೆದಿರಲಿಲ್ಲ. ಹೊರಗಿನಿಂದ ಸಲಹೆಗಾರರನ್ನು ಕರೆಸಿದ್ದೆವು. ಹಿತ್ತಲ ಗಿಡ ಮದ್ದಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಅವರ ಹತ್ತಿರ ಹೋಗಿ ಕೂತೆ. ಎರಡು ವಾರ, ದಿನಕ್ಕೆ ಮೂರು ಗಂಟೆ. ಅವರ ಕಂಪ್ಯೂಟರಿನಲ್ಲಿ 'ನೆನಪಿಗೆ' ಅಂತ ಒಂದು ಫೈಲ್ ಇದೆ, ಸಾಲು ಸಾಲು ಟಿಪ್ಪಣಿ. "ಇದು ಡಾಕ್ಯುಮೆಂಟಲ್ಲಿ ಎಲ್ಲಿದೆ ಅಂತ ಹುಡುಕ್ಬೇಡಿ, ಇರಲ್ಲ. ಬಿಲ್ಲಿಂಗ್‌ನವರು ಬಾಯಲ್ಲಿ ಹೇಳಿದ್ದು" ಅಂತ ಮೊದಲೇ ಹೇಳಿಬಿಟ್ಟರು. 14 ದಿನದ ಲೆಕ್ಕ ದುಡ್ಡು ಕಟ್ಟಿದ ದಿನದಿಂದ ಶುರು ಅಂತ ನಾನು ತಿಳಿದಿದ್ದೆ. ಅಲ್ಲವಂತೆ, ಖಾತೆ ಚಾಲೂ ಆದ ದಿನದಿಂದ. ಪಾವತಿ ಸಿಕ್ಕಿಕೊಂಡು ಎರಡು ದಿನ ತಡವಾಗಿ ಚಾಲೂ ಆದವರಿಗೆ ಇದರಿಂದ ವ್ಯತ್ಯಾಸ ಆಗುತ್ತದೆ. ಯಾರು ತೀರ್ಮಾನಿಸಿದ್ದು ಇದನ್ನು? ಅವರಿಗೂ ಸರಿಯಾಗಿ ನೆನಪಿಲ್ಲ. ಆದರೆ ಬಿಲ್ಲಿಂಗ್‌ನವರನ್ನು ಕೇಳಿದರೆ "ಹೌದು, ಹಾಗೇ ಮಾಡೋದು" ಅಂದರು.

ಒಂದು ಟಿಕೆಟ್ ನನಗೆ ಮರೆಯುವುದಿಲ್ಲ. ಗ್ರಾಹಕರು ಬರೆದಿದ್ದರು: "ಎರಡು ಸಲ ಕಟ್ ಆಗಿದೆ, ಒಂದು ವಾಪಸ್ ಹಾಕಿ." ಬಾಟ್ ಈ ಪ್ರಶ್ನೆಗೆ ನಮ್ಮ ಡಾಕ್ಯುಮೆಂಟಿನಂತೆ ಸರಿಯಾಗಿಯೇ ಉತ್ತರ ಕೊಡುತ್ತದೆ: ಎರಡು ಬಾರಿ ಪಾವತಿಯಾಗಿದ್ದರೆ ಒಂದನ್ನು ಮರಳಿಸುತ್ತೇವೆ, ಫಾರ್ಮ್ ತುಂಬಿ. ಪಕ್ಕದ ಕುರ್ಚಿಯವರು ಫಾರ್ಮ್ ಕಳಿಸಲಿಲ್ಲ. ಕೈ ಕೀಬೋರ್ಡ್ ಮೇಲೆ ಇಡದೆ ಸುಮ್ಮನೆ ಆ ಎರಡು ಮೊತ್ತಗಳನ್ನು ನೋಡಿದರು. ಆಮೇಲೆ ಕೇಳಿದರು: "ಈ ವಾರ ಕಾರ್ಡ್ ಬದಲಾಯಿಸಿದ್ರಾ?" ಹೌದು ಅಂತ ಉತ್ತರ ಬಂತು. ನನ್ನ ಕಡೆ ತಿರುಗಿ ಹೇಳಿದರು, "ನೋಡಿ, ಕಟ್ ಆಗಿದೆ ಅಂತ ಅವ್ರು ಹೇಳೋದೂ ಸರೀನೇ. ಆದ್ರೆ ಒಂದರ ದುಡ್ಡು ನಮ್ಮ ಹತ್ರ ಬಂದಿಲ್ಲ. ಬ್ಯಾಂಕು ಹಿಡ್ಕೊಂಡಿದೆ ಅಷ್ಟೇ, ಅದಾಗಿ ಅದೇ ಬಿಟ್ಬಿಡುತ್ತೆ. ನಾವೀಗ ರಿಫಂಡ್ ಹಾಕಿದ್ರೆ ಅವರಿಗೆ ಎರಡು ಸಲ ವಾಪಸ್ ಹೋಗುತ್ತೆ. ಆಮೇಲೆ ಕೇಳೋದು ಯಾರು?"

ಕಾರ್ಡ್ ಪಾವತಿಯಲ್ಲಿ ಎರಡು ಹೆಜ್ಜೆ ಇರುತ್ತವೆ. ಮೊದಲು ಬ್ಯಾಂಕು ಅಷ್ಟು ಹಣವನ್ನು ತೆಗೆದಿರಿಸುತ್ತದೆ, ಆಮೇಲೆ ಮಾರಿದವರು ಅದನ್ನು ನಿಜವಾಗಿ ಪಡೆಯುತ್ತಾರೆ. ಮೊದಲ ಹೆಜ್ಜೆಯಲ್ಲೇ ನಿಂತುಹೋದದ್ದು ಕೂಡ ಗ್ರಾಹಕರ ಫೋನಿನಲ್ಲಿ 'ಕಟ್' ಆದ ಹಾಗೇ ಕಾಣುತ್ತದೆ. ಇದು ಪುಸ್ತಕದಲ್ಲಿ ಇಲ್ಲದ ವಿದ್ಯೆಯಲ್ಲ, ಪಾವತಿ ಕ್ಷೇತ್ರದವರಿಗೆಲ್ಲ ಗೊತ್ತು, ಮಾಡೆಲ್ಲನ್ನು ಕೇಳಿದರೆ ಅದಕ್ಕೂ ಗೊತ್ತು. ಆದರೆ 'ಎರಡು ಸಲ ಕಟ್' ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಫಾರ್ಮಿಗೆ ಹೋಗದೆ 'ಕಾರ್ಡ್ ಬದಲಾಯಿಸಿದ್ರಾ' ಅಂತ ಕೇಳಬೇಕು ಅನ್ನುವುದು ನಮ್ಮ ಯಾವ ಡಾಕ್ಯುಮೆಂಟಿನಲ್ಲೂ ಇರಲಿಲ್ಲ. ಆ ಒಂದು ಪ್ರಶ್ನೆ ಇವರ ಹದಿನಾಲ್ಕು ವರ್ಷದ ಸಂಪಾದನೆ.

'ನೆನಪಿಗೆ' ಫೈಲನ್ನು ಮಕ್ಕೀಕಾಮಕ್ಕಿ ಬಾಟ್‌ಗೆ ತುಂಬಿಸಿ ಕೈ ತೊಳೆದುಕೊಳ್ಳೋಣ ಅಂತಲೂ ಒಂದು ಪ್ರಸ್ತಾಪ ಬಂತು. ಬೇಡ ಅಂದೆ. ಅದರಲ್ಲಿ ಇರುವುದರಲ್ಲಿ ಎಷ್ಟೋ ಅಭ್ಯಾಸದಿಂದ ಬಂದದ್ದು, ನಿಯಮ ಅಂತ ಯಾರೂ ಒಪ್ಪಿದ್ದಲ್ಲ. ಒಂದೊಂದು ಸಾಲನ್ನೂ ಬಿಲ್ಲಿಂಗ್‌ನವರ, ಕಾನೂನಿನವರ ಮುಂದೆ ಇಟ್ಟು "ಇದು ನಿಜಾನಾ? ಇನ್ನು ಮೇಲೆ ಇದಕ್ಕೆ ಯಾರು ಹೊಣೆ?" ಅಂತ ಕೇಳಿ ಸಹಿ ಹಾಕಿಸಿದೆವು. ನಾನು ಮಾಡಿದ ಎಐ ಕೆಲಸದಲ್ಲಿ ಅತಿ ಬೇಸರದ್ದು ಇದು, ಫಲ ಕೊಟ್ಟದ್ದೂ ಇದೇ. ಮೂರು ಸಾಲುಗಳ ಬಗ್ಗೆ ಎರಡು ವಿಭಾಗದವರು ಜಗಳವಾಡಿದರು. ಆ ಜಗಳ ಹತ್ತು ವರ್ಷದ ಹಿಂದೆಯೇ ಆಗಬೇಕಿತ್ತು.

ಆಮೇಲೆ ಹಳೇ ಟಿಕೆಟ್‌ಗಳಿಂದ ಇನ್ನೂರು ಚಿಲ್ಲರೆ ಪ್ರಶ್ನೆ ಆರಿಸಿದೆವು, ಗ್ರಾಹಕರು ಬರೆದ ಭಾಷೆಯಲ್ಲೇ, ಕಾಗುಣಿತ ತಪ್ಪೂ ಸೇರಿದಂತೆ. ಪ್ರತಿಯೊಂದಕ್ಕೂ ಪಕ್ಕದ ಕುರ್ಚಿಯವರು ಸರಿಯುತ್ತರ ಬರೆದುಕೊಟ್ಟರು. ಈಗ ಹೊಸ ಮಾಡೆಲ್ ಬಂದರೆ ನಾವು ಆ ಅಂಕಪಟ್ಟಿಗಳನ್ನು ನೋಡುವುದಿಲ್ಲ, ಈ ಇನ್ನೂರು ಪ್ರಶ್ನೆ ಕೇಳಿಸುತ್ತೇವೆ. ಉತ್ತರ ತಿದ್ದಲು ಮೊದಮೊದಲು ಇನ್ನೊಂದು ಮಾಡೆಲ್ಲನ್ನೇ ಕೂರಿಸಿದ್ದೆವು. ಅದಕ್ಕೆ ಉದ್ದುದ್ದ ಉತ್ತರ ಕಂಡರೆ ಪ್ರೀತಿ. ಇದೂ ಗೊತ್ತಿರುವ ದೌರ್ಬಲ್ಯವೇ, ತೀರ್ಪು ಕೊಡುವ ಮಾಡೆಲ್‌ಗಳು ಉದ್ದಕ್ಕೆ ಮರುಳಾಗುತ್ತವೆ. ಹತ್ತಕ್ಕೆ ಒಂಬತ್ತು ಕೊಟ್ಟಿದ್ದ ಉತ್ತರವೊಂದನ್ನು ಅವರಿಗೆ ತೋರಿಸಿದೆ. ಪೂರ್ತಿ ಓದಿ, "ಚೆನ್ನಾಗಿ ಬರೆದಿದೆ. ಅವ್ರು ಕೇಳಿದ್ದಕ್ಕೆ ಉತ್ತರ ಎಲ್ಲಿದೆ?" ಅಂದರು. ಸೊನ್ನೆ.

ಇನ್ನು ನನ್ನದೇ ತಪ್ಪು ಒಂದಿದೆ, ಯಾರ ಮೇಲೂ ಹಾಕುವ ಹಾಗಿಲ್ಲ. ಬಾಟ್ ಎಷ್ಟು ಚೆನ್ನಾಗಿದೆ ಅಂತ ಅಳೆಯಲು ನಾನು ಆರಿಸಿಕೊಂಡ ಅಳತೆ, ಈ ವ್ಯವಹಾರದಲ್ಲಿ ಎಲ್ಲರೂ ಬಳಸುವ ಡಿಫ್ಲೆಕ್ಷನ್ ರೇಟ್. ಮನುಷ್ಯರ ಹತ್ತಿರ ಹೋಗದೆ ಎಷ್ಟು ಮಾತುಕತೆ ಮುಗಿದವು ಅನ್ನುವುದು ಅದರ ಲೆಕ್ಕ. ಪ್ರತಿ ಶುಕ್ರವಾರ ಆ ಗ್ರಾಫ್ ಮೇಲೇರುವುದನ್ನು ತೋರಿಸಿ ಬೀಗುತ್ತಿದ್ದೆ. ಅದರ ಒಳಗೆ ಏನಿತ್ತು ನೋಡಿ. ಬಾಟ್ "ನನಗೆ ಗೊತ್ತಿಲ್ಲ, ಸಹೋದ್ಯೋಗಿಗೆ ಕೊಡುತ್ತೇನೆ" ಅಂದರೆ ಸೋಲು. ತಪ್ಪು ಉತ್ತರವನ್ನು ಗ್ರಾಹಕರು ನಂಬಿ ಹೋದರೆ ಗೆಲುವು. ಬೇಸತ್ತು ಕಿಟಕಿ ಮುಚ್ಚಿದರೆ ಅದೂ ಗೆಲುವು! ಆ ಸ್ಕ್ರೀನ್‌ಶಾಟ್‌ನ ಮಾತುಕತೆ ನಮ್ಮ ಡ್ಯಾಶ್‌ಬೋರ್ಡಿನಲ್ಲಿ 'ಬಗೆಹರಿದಿದೆ' ಅಂತ ಹಸಿರಾಗಿ ಕೂತಿತ್ತು.

2025ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ಸಂಶೋಧಕರು ಹಲ್ಯುಸಿನೇಶನ್ ಬಗ್ಗೆ ಒಂದು ಪ್ರಬಂಧ ಹೊರತಂದರು. ಅದರ ಒಂದು ವಾದ ಓದಿದಾಗ ನನ್ನ ಶುಕ್ರವಾರದ ಗ್ರಾಫ್ ನೆನಪಾಯಿತು. ಮಾಡೆಲ್‌ಗಳನ್ನು ಅಳೆಯುವ ಪರೀಕ್ಷೆಗಳಲ್ಲಿ 'ಗೊತ್ತಿಲ್ಲ' ಅಂದರೆ ಸೊನ್ನೆ, ಊಹಿಸಿ ಹೊಡೆದರೆ ಅಂಕ ಸಿಗುವ ಸಾಧ್ಯತೆಯಾದರೂ ಇರುತ್ತದೆ, ಹಾಗಾಗಿ ಊಹಿಸುವುದೇ ಲಾಭ ಅಂತ. ನಾವು ಪ್ರಾಂಪ್ಟಿನಲ್ಲಿ "ಊಹಿಸಬೇಡ" ಅಂತ ಬರೆಯುತ್ತಾ, ತಂಡದ ಗುರಿಯಲ್ಲಿ "ಊಹಿಸಿದರೂ ಪರವಾಗಿಲ್ಲ, ಮನುಷ್ಯರ ಹತ್ತಿರ ಕಳಿಸಬೇಡ" ಅಂತ ಬರೆದಿದ್ದೆವು. ಇಂಜಿನಿಯರುಗಳು ಯಾವುದನ್ನು ಕೇಳುತ್ತಾರೆ? ಬೋನಸ್ ಯಾವುದಕ್ಕೆ ಬರುತ್ತದೋ ಅದನ್ನು.

ಆ ಪ್ರಬಂಧ ಬರುವ ಎಷ್ಟೋ ಮುಂಚೆಯೇ ನಾನು ಅಳತೆ ಬದಲಿಸಿದ್ದೆ. ಈಗ ಒಬ್ಬ ಗ್ರಾಹಕರು ಅದೇ ವಿಷಯಕ್ಕೆ ಏಳು ದಿನದಲ್ಲಿ ಮತ್ತೆ ಬಂದರೆ ಆ ಹಳೆಯ ಮಾತುಕತೆಯನ್ನು ಸೋಲು ಅಂತ ಎಣಿಸುತ್ತೇವೆ. 'ಗೊತ್ತಿಲ್ಲ' ಅಂದು ಸರಿಯಾದ ಜನರಿಗೆ ಕಳಿಸಿದ್ದು ಸೋಲಲ್ಲ. ಮೊದಲ ವಾರ ಗ್ರಾಫ್ ಧೊಪ್ಪನೆ ಬಿತ್ತು. ಆ ಶುಕ್ರವಾರದ ಮೀಟಿಂಗ್ ಸುಖಕರವಾಗಿರಲಿಲ್ಲ ಅಂತಷ್ಟೇ ಹೇಳುತ್ತೇನೆ.

ಅಲ್ಲಿ ಒಬ್ಬರು ಕ್ಲಾರ್ನಾ ಕಂಪನಿಯ ಹೆಸರೆತ್ತಿದರು. 2024ರ ಫೆಬ್ರವರಿಯಲ್ಲಿ ಆ ಸ್ವೀಡಿಷ್ ಪಾವತಿ ಕಂಪನಿ, ತಮ್ಮ ಎಐ ಸಹಾಯಕ ಮೊದಲ ತಿಂಗಳಲ್ಲೇ 23 ಲಕ್ಷ ಮಾತುಕತೆ ನಡೆಸಿದೆ, 700 ಪೂರ್ಣಾವಧಿ ಏಜೆಂಟರ ಕೆಲಸ ಮಾಡುತ್ತಿದೆ ಅಂತ ಹೇಳಿಕೊಂಡಿತ್ತು. "ಅವರಿಗೆ ಆಗುತ್ತೆ, ನಮಗೆ ಯಾಕೆ ಆಗಲ್ಲ?" ಪ್ರಶ್ನೆಯ ಹಿಂದೆ ಇದ್ದದ್ದು ಸಪೋರ್ಟ್ ತಂಡದಲ್ಲಿ ಎಷ್ಟು ಜನರನ್ನು ಕಡಿಮೆ ಮಾಡಬಹುದು ಅನ್ನುವ ಲೆಕ್ಕ, ಅದು ಎಲ್ಲರಿಗೂ ಗೊತ್ತಿತ್ತು. ಆಗ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ತಡವರಿಸಿದೆ. ಕೆಲವು ತಿಂಗಳ ನಂತರ, 2025ರ ಮೇ ತಿಂಗಳಲ್ಲಿ, ಅದೇ ಕ್ಲಾರ್ನಾದ ಮುಖ್ಯಸ್ಥರು ಖರ್ಚು ಉಳಿಸುವುದಕ್ಕೇ ಒತ್ತು ಕೊಟ್ಟದ್ದರಿಂದ ಗುಣಮಟ್ಟ ಇಳಿಯಿತು ಅಂತ ಒಪ್ಪಿಕೊಂಡು, ಮತ್ತೆ ಮನುಷ್ಯರನ್ನು ತೆಗೆದುಕೊಳ್ಳುವ ಮಾತಾಡಿದರು. ಎಐಯನ್ನೇನೂ ಅವರು ಬಿಟ್ಟಿಲ್ಲ, ಅದನ್ನೂ ಹೇಳಬೇಕು. ಆ ಸುದ್ದಿಯ ಕೊಂಡಿಯನ್ನು ನಾನು ಮೀಟಿಂಗಿನ ಗುಂಪಿಗೆ ಹಾಕಿದೆ. ಏನೂ ಬರೆಯಲಿಲ್ಲ. ಒಬ್ಬರು ಹೆಬ್ಬೆರಳು ಒತ್ತಿದರು.

ಇದರ ನಡುವೆ ಇಂಜಿನಿಯರುಗಳ ಬಗ್ಗೆಯೂ ಒಂದು ಮಾತು. ಕೋಡ್ ಬರೆಯಲು ಎಐ ಬಳಸಲು ಶುರು ಮಾಡಿದ ಮೇಲೆ ತಾವು ಬಹಳ ವೇಗವಾಗಿದ್ದೇವೆ ಅಂತ ನಮ್ಮ ತಂಡದವರು ಹೇಳುತ್ತಿದ್ದರು. ನಾನೂ ನಂಬಿದ್ದೆ. 2025ರ ಜುಲೈನಲ್ಲಿ ಮೀಟರ್ ಅನ್ನುವ ಸಂಸ್ಥೆ 16 ಅನುಭವಿ ಡೆವಲಪರುಗಳ ಮೇಲೆ, 246 ಕೆಲಸಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಎಐ ಬಳಸಿದಾಗ ಅವರು ಸುಮಾರು 20 ಶೇಕಡಾ ವೇಗವಾದೆವು ಅಂತ ಅಂದುಕೊಂಡಿದ್ದರು, ಗಡಿಯಾರ ನೋಡಿದರೆ 19 ಶೇಕಡಾ ನಿಧಾನ ಆಗಿದ್ದರು. ಅವರಿಗೆ ಚೆನ್ನಾಗಿ ಪರಿಚಯವಿದ್ದ ಹಳೆಯ ಕೋಡ್, ಆಗಿನ ಉಪಕರಣಗಳು, ಅಷ್ಟಕ್ಕೆ ಮಾತ್ರ ಸಂಬಂಧಿಸಿದ ಅಧ್ಯಯನ ಅದು, ಎಲ್ಲ ಕಡೆ ಹೀಗೇ ಅಂತಲ್ಲ. ಆದರೂ ಅನ್ನಿಸಿದ್ದಕ್ಕೂ ಆದದ್ದಕ್ಕೂ ನಡುವಿನ ಆ ಅಂತರ ನನಗೆ ಪರಿಚಿತ. ನನ್ನ ಗ್ರಾಫ್ ಕೂಡ ಅನ್ನಿಸಿದ್ದನ್ನೇ ತೋರಿಸುತ್ತಿತ್ತು.

ಈಗ ಬಾಟ್ ಹೇಗಿದೆ? ಪರವಾಗಿಲ್ಲ. ಪಾಸ್‌ವರ್ಡ್, ಇನ್‌ವಾಯ್ಸ್ ಡೌನ್‌ಲೋಡ್, ವಿಳಾಸ ಬದಲಾವಣೆ, ಇಂಥವನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. "ಎರಡು ಸಲ ಕಟ್" ಅಂದರೆ ಮೊದಲು ಕಾರ್ಡಿನ ವಿಷಯ ಕೇಳುತ್ತದೆ. ದುಡ್ಡಿನ ವಿಷಯದಲ್ಲಿ ಅನುಮಾನ ಬಂದರೆ ಬಾಯಿ ಮುಚ್ಚಿಕೊಂಡು ಮನುಷ್ಯರಿಗೆ ಕಳಿಸುತ್ತದೆ. ಯಾವ ಮಾಡೆಲ್ ಬಳಸುತ್ತಿದ್ದೇವೆ ಅಂತ ಕೇಳಿದರೆ, 2024ರ ಆಗಸ್ಟಿನಲ್ಲಿ ನಾವು ಯಾವ ಕಂಪನಿಯದರಿಂದ ಶುರು ಮಾಡಿದ್ದೆವೋ ಅದರದೇ, ಅಗ್ಗದ ಆವೃತ್ತಿ.

ಆ 2019ರ ಪಿಡಿಎಫ್ ತೆಗೆಸುವುದು ಮಾತ್ರ ಇದೆಲ್ಲಕ್ಕಿಂತ ಕಷ್ಟವಾಯಿತು. ಬಾಟ್‌ನ ಸಂಗ್ರಹದಿಂದ ಕಿತ್ತುಹಾಕಲು ಒಂದು ನಿಮಿಷ ಸಾಕು, ಆದರೆ ಬಾಟ್ ಪ್ರತಿ ರಾತ್ರಿ ಕಂಪನಿಯ ಫೋಲ್ಡರುಗಳನ್ನೆಲ್ಲ ಓದಿಕೊಂಡು ಬರುತ್ತದೆ, ಮರುದಿನ ಮತ್ತೆ ಅದು ಹಾಜರ್. ಮೂಲವನ್ನೇ ಅಳಿಸಬೇಕು. ಫೋಲ್ಡರ್ ಮಾರ್ಕೆಟಿಂಗ್‌ನವರದು. ಅದರ ಒಡೆಯರಾಗಿದ್ದವರು ಕೆಲಸ ಬಿಟ್ಟಿದ್ದಾರೆ, ಬೇರೆ ಯಾರಿಗೂ ಅಳಿಸುವ ಅನುಮತಿ ಇಲ್ಲ. ಹನ್ನೊಂದು ಮೇಲ್ ಬರೆದೆ. "ಯಾವುದಕ್ಕೂ ಇರಲಿ, ಅಳಿಸೋದು ಯಾಕೆ?" ಅಂತ ಇಬ್ಬರು ಕೇಳಿದರು. ಕೊನೆಗೆ ಒಂದು ಗುರುವಾರ ಮಧ್ಯಾಹ್ನ ಅದು ಹೋಯಿತು.

ಮೂರು ವಾರದ ಮೇಲೆ ಬಾಟ್ ಒಬ್ಬರಿಗೆ ಮತ್ತೆ 30 ದಿನ ಅಂದಿತು. ಈ ಸಲ ಯಾರೂ ಮಾಡೆಲ್ ಬದಲಿಸೋಣ ಅನ್ನಲಿಲ್ಲ. ಲಾಗ್ ತೆಗೆಯುವ ಮುಂಚೆಯೇ ಪಕ್ಕದ ಕುರ್ಚಿಯವರಿಂದ ನನಗೆ ಮೆಸೇಜ್ ಬಂತು: "ಸಿಕ್ತು. ಸೇಲ್ಸ್‌ನವರ ಫೋಲ್ಡರಲ್ಲಿ ಇನ್ನೊಂದು ಕಾಪಿ ಇದೆ. ಹೆಸರು 'ಫೈನಲ್ ಫೈನಲ್ 2'."